ದ್ರಾಕ್ಷಿ ಬೆಳೆಗಾರರು ಅಂತರ್ಜಾಲದಲ್ಲಿ ಮಾಹಿತಿ ಹುಡುಕುವ ಕ್ರಮ

ವಿಜಯಪುರ ಜಿಲ್ಲೆಯ ಬಬಲೇಶ್ವರ ಮತ್ತು ತಿಕೋಟಾ ಭಾಗಗಳಲ್ಲಿ ದ್ರಾಕ್ಷಿಯು ಮುಖ್ಯ ವಾಣಿಜ್ಯ ಬೆಳೆ. ನಿಡೋಣಿಯಂತಹ ಗ್ರಾಮಗಳಲ್ಲಿಯೂ ಈಗ ಎಲೆಯ ಮೇಲೆ ಚುಕ್ಕೆ ಕಂಡ ಕೂಡಲೇ ಮೊಬೈಲ್ ತೆಗೆದು ಗೂಗಲ್‌ನಲ್ಲಿ ಹುಡುಕುವುದು ರೂಢಿಯಾಗಿದೆ. ಇದು ಒಳ್ಳೆಯ ಅಭ್ಯಾಸವೇ. ಆದರೆ ಅಲ್ಲಿ ಸಿಕ್ಕ ಉತ್ತರ ನಮ್ಮ ತೋಟಕ್ಕೆ ಹೊಂದುವುದೇ ಎಂಬುದನ್ನು ನೋಡಬೇಕು. ತಪ್ಪು ಔಷಧಿಗೆ ಹೋದ ಹಣ ಒಂದು ನಷ್ಟ. ಅಕ್ಟೋಬರ್ ಚಾಟ್ನಿಯ ನಂತರ ಕೈತಪ್ಪಿದ ಎರಡು ಮೂರು ದಿನ ಅದಕ್ಕಿಂತ ದೊಡ್ಡ ನಷ್ಟ.

ಒಂದು ಉದಾಹರಣೆ ನೋಡೋಣ. ದ್ರಾಕ್ಷಿ ಬಳ್ಳಿಯನ್ನು ಯಾವಾಗ ಸವರಬೇಕೆಂದು ಇಂಗ್ಲಿಷಿನಲ್ಲಿ ಕೇಳಿದರೆ, ಚಳಿಗಾಲದ ಕೊನೆಯಲ್ಲಿ ವರ್ಷಕ್ಕೊಮ್ಮೆ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ಸುಳ್ಳಲ್ಲ. ಯುರೋಪ್, ಅಮೆರಿಕಗಳಲ್ಲಿ ಬಳ್ಳಿಯು ಚಳಿಗೆ ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ನಮ್ಮಲ್ಲಿ ಹಾಗಾಗುವುದಿಲ್ಲವಾದ್ದರಿಂದ ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಮ್ಮೆ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಒಮ್ಮೆ, ಹೀಗೆ ಎರಡು ಚಾಟ್ನಿ ಮಾಡುತ್ತೇವೆ. ಪ್ರಶ್ನೆಯಲ್ಲಿ ಊರಿನ ಸುಳಿವಿಲ್ಲದಿದ್ದರೆ ಹುಡುಕುವ ಯಂತ್ರ ಯಾವ ದೇಶದ ಉತ್ತರವನ್ನಾದರೂ ತಂದುಕೊಡಬಹುದು. ಆದ್ದರಿಂದ ಬೆಳೆಯ ಹೆಸರಿನೊಡನೆ ಕರ್ನಾಟಕ ಅಥವಾ ಮಹಾರಾಷ್ಟ್ರ ಎಂದೂ, ಬೆಳೆಯ ಹಂತವನ್ನೂ ಸೇರಿಸಿ ಬರೆಯಬೇಕು. ‘ಒಳ್ಳೆಯ ಔಷಧಿ ಯಾವುದು’ ಎಂದು ಕೇಳಿದರೆ ಮಾರುವವರೇ ಮುಂದೆ ಬಂದು ನಿಲ್ಲುತ್ತಾರೆ.

ರೋಗದ ಸರಿಯಾದ ಹೆಸರು ತಿಳಿದಿರುವುದು ಎಲ್ಲಕ್ಕಿಂತ ಅವಶ್ಯ. ‘ದ್ರಾಕ್ಷಿ ಎಲೆ ಬಿಳಿ ರೋಗ’ ಎಂದು ಹುಡುಕಿದರೆ ಬೂಜು ತುಪ್ಪಟ ರೋಗ ಮತ್ತು ಬೂದಿ ರೋಗಗಳೆರಡೂ ಕಲಸಿಕೊಂಡು ಬರುತ್ತವೆ. ಮೊದಲು ಎಲೆಯನ್ನು ತಿರುಗಿಸಿ ನೋಡಿರಿ. ಮೇಲ್ಭಾಗದಲ್ಲಿ ಎಣ್ಣೆ ತಾಗಿದಂತಹ ಹಳದಿ ಮಚ್ಚೆಯಿದ್ದು ಅದರ ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ಬೂಜು ತುಪ್ಪಟ, ಅಂದರೆ ಡೌನಿ ಮಿಲ್ಡ್ಯೂ. ಬೂದಿ ಎರಚಿದಂತೆ ಪುಡಿಪುಡಿಯಾಗಿದ್ದರೆ ಬೂದಿ ರೋಗ, ಅಂದರೆ ಪೌಡರಿ ಮಿಲ್ಡ್ಯೂ. ಗಡಿಯಾಚೆ ಮರಾಠಿಯಲ್ಲಿ ಇದನ್ನೇ ಭುರಿ ಎನ್ನುವರು. ಗಂಧಕವು ಬೂದಿ ರೋಗಕ್ಕೆ ಫಲಕಾರಿ. ಬೂಜು ತುಪ್ಪಟಕ್ಕೆ ಅದನ್ನು ಸಿಂಪಡಿಸಿದರೆ ರೋಗ ಹತೋಟಿಗೆ ಬಾರದು, ಅಷ್ಟರಲ್ಲಿ ಹೂಗೊಂಚಲು ಕೈಬಿಡಬಹುದು. ಫೋಟೋ ತೋರಿಸಿ ಹುಡುಕುವ ಸೌಲಭ್ಯವನ್ನು ಬಳಸುವವರು ಎಲೆಯ ಎರಡೂ ಬದಿಗಳ ಚಿತ್ರ ತೆಗೆಯತಕ್ಕದ್ದು.

ಕನ್ನಡದಲ್ಲಿ ಸಿಗದ್ದು ಇಂಗ್ಲಿಷಿನಲ್ಲಿ, ಅಲ್ಲಿಯೂ ಸಿಗದ್ದು ಮರಾಠಿಯಲ್ಲಿ ಸಿಗುವುದುಂಟು. ಒಣದ್ರಾಕ್ಷಿಯ ಪೇಟೆ ಧಾರಣೆಯೇ ಇದಕ್ಕೆ ಸಾಕ್ಷಿ. ಮಹಾರಾಷ್ಟ್ರದ ತಾಸಗಾಂವ, ಸಾಂಗಲಿಗಳ ದರ ಬೇಕಾದವರು ‘ಬೇದಾಣಾ’ ಎಂಬ ಮರಾಠಿ ಪದವನ್ನು ಬಳಸಿದರೆ ಬೇಗ ದೊರೆಯುತ್ತದೆ.

ಸ್ಥಳನಾಮದಲ್ಲಿಯೂ ತೊಡಕಿದೆ. ನಮ್ಮ ಜಿಲ್ಲೆ ಬಿಜಾಪುರ ಹೋಗಿ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ವರದಿಗಳು ಬೇಕಿದ್ದರೆ ಹಳೆಯ ಹೆಸರನ್ನೇ ಬರೆಯಬೇಕು. ಆದರೆ ಬಿಜಾಪುರ ಎಂಬ ಜಿಲ್ಲೆ ಛತ್ತೀಸಗಢದಲ್ಲಿಯೂ ಇದೆ, ವಿಜಯಪುರ ಎಂಬ ಊರು ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಇದೆ! ಬಬಲೇಶ್ವರ, ತಿಕೋಟಾಗಳು ಪ್ರತ್ಯೇಕ ತಾಲ್ಲೂಕುಗಳಾಗುವ ಮೊದಲಿನ ಅಂಕಿಅಂಶಗಳು ವಿಜಯಪುರ ತಾಲ್ಲೂಕಿನ ಲೆಕ್ಕದಲ್ಲಿರುತ್ತವೆ.

ಬೇಡವಾದುದನ್ನು ಕಳೆಯಲು ಚಿಹ್ನೆಗಳಿವೆ. ಪದದ ಹಿಂದೆ ಜಾಗ ಬಿಡದೆ ಕಳೆಯುವ ಚಿಹ್ನೆ ಹಾಕಿದರೆ (ಬಿಜಾಪುರ -ಛತ್ತೀಸಗಢ) ಆ ಪದವಿರುವ ಪುಟಗಳು ಬಿಟ್ಟುಹೋಗುತ್ತವೆ. ಎರಡು ಮೂರು ಪದಗಳು ಒಟ್ಟಾಗಿ ಅದೇ ಕ್ರಮದಲ್ಲಿ ಬೇಕಾದರೆ ಅವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಹಿಂಗಾರಿ ಜೋಳದ ಎಂ 35-1 ತಳಿಯನ್ನು ಹುಡುಕುವವರಿಗೆ ಇದು ಮುಖ್ಯ. 35ರ ನಂತರ ಜಾಗ ಬಿಟ್ಟು -1 ಎಂದು ಬರೆದರೆ, ಒಂದು ಎಂಬ ಅಂಕಿಯನ್ನೇ ಬಿಡಲು ಹೇಳಿದಂತಾಗುತ್ತದೆ. ಸರ್ಕಾರಿ ಪುಟಗಳು ಮಾತ್ರ ಸಾಕಾದರೆ ಪ್ರಶ್ನೆಯ ಕೊನೆಗೆ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಮೇಲೊಂದು ಕೆಳಗೊಂದು ಚುಕ್ಕೆಯ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ಜಿಓವಿ ಡಾಟ್ ಇನ್ ಎಂದು ಸೇರಿಸಬೇಕು. ಪುಣೆ ಬಳಿಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಸಲಹೆಗಳು ಹೀಗೆ ಸುಲಭವಾಗಿ ಸಿಗುತ್ತವೆ.

ಇನ್ನು ಪುಟದ ವಯಸ್ಸು. ಹಿಟ್ಟು ತಿಗಣೆಗೆ ಡೈಕ್ಲೋರ್‌ವಾಸ್ ಸಿಂಪಡಿಸಿರೆಂಬ ಹಳೆಯ ಬರಹಗಳು ಇಂದಿಗೂ ಸಿಗುತ್ತವೆ. ಕೇಂದ್ರ ಸರ್ಕಾರದ 2018ರ ಆದೇಶದಂತೆ ಈ ಕೀಟನಾಶಕದ ಬಳಕೆಯು 2020ರ ಡಿಸೆಂಬರ್ 31ರಿಂದ ನಿಷಿದ್ಧ. ಫಲಿತಾಂಶಗಳನ್ನು ಕಳೆದ ಒಂದು ವರ್ಷಕ್ಕೆ ಸೀಮಿತಗೊಳಿಸುವ ಅವಕಾಶ ಹುಡುಕುವ ಪುಟದಲ್ಲಿಯೇ ಇದ್ದು, ಔಷಧಿಯ ವಿಷಯಕ್ಕೆ ಅದನ್ನು ತಪ್ಪದೆ ಬಳಸುವುದು ಸೂಕ್ತ. ‘ಪ್ರಾಯೋಜಿತ’ ಎಂದಿದ್ದರೆ ಅದು ಜಾಹೀರಾತು. ಈಗೀಗ ಎಲ್ಲಕ್ಕೂ ಮೇಲೆ ಯಂತ್ರವೇ ರಚಿಸಿದ ಸಾರಾಂಶವೊಂದು ಬರುವುದುಂಟು. ಓದಿರಿ, ಆದರೆ ಪ್ರಮಾಣವನ್ನು ಅದರಿಂದ ಎತ್ತಿಕೊಳ್ಳಬೇಡಿರಿ. ಮೂಲ ಪುಟವನ್ನು ತೆರೆದು, ಹೇಳಿದ ಪ್ರಮಾಣ ಲೀಟರಿಗೋ, ಎಕರೆಗೋ, ಹೆಕ್ಟೇರಿಗೋ ಎಂಬುದನ್ನು ನೋಡಬೇಕು. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ; ಅಮೆರಿಕದ ಗ್ಯಾಲನ್ ಸುಮಾರು 3.8 ಲೀಟರ್. ಕೊನೆಗೆ ಡಬ್ಬಿಯ ಚೀಟಿಯಲ್ಲಿ ದ್ರಾಕ್ಷಿಯ ಹೆಸರಿದೆಯೇ, ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಎಂಬುದನ್ನು ಓದಿಯೇ ಬೆರೆಸಬೇಕು.

ಎರಡು ಪುಟಗಳು ಎರಡು ಬಗೆಯಾಗಿ ಹೇಳಿದರೆ ಎಲೆಯ ಚಿತ್ರ ಹಾಗೂ ಚಾಟ್ನಿಯ ದಿನಾಂಕದೊಡನೆ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು, ಇಲ್ಲವೆ 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಬಹುದು.