ಅಲೆಗಳ ಮೇಲೊಂದು ಜಾಲಹಳ್ಳಿ

ಕಾಪುವಿನ ದೀಪಸ್ತಂಭವನ್ನು ಫೋಟೊದಲ್ಲಿ ನೂರು ಸಲ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲಿ, ಸಿನಿಮಾ ಹಾಡಿನಲ್ಲಿ, ಮದುವೆಗೆ ಮುಂಚಿನ ಫೋಟೊಶೂಟ್‌ಗಳಲ್ಲಿ. ಆದರೆ ಒಳಗಿನ ಸುರುಳಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ತಲೆ ತಗ್ಗಿಸಿ ಹೊರಗೆ ಕಾಲಿಟ್ಟಿದ್ದೀರಾ? ಅಬ್ಬಬ್ಬಾ, ಆ ಗಾಳಿ! ಮಗಳು ಅಜ್ಜನ ಪಂಚೆ ಹಿಡಿದುಕೊಂಡಳು, ಅಪ್ಪ ಕಂಬಿ ಹಿಡಿದುಕೊಂಡರು, ನನ್ನ ಹೆಂಡತಿ ಮಾತ್ರ ಎರಡೂ ಕೈ ಚಾಚಿ ನಕ್ಕಳು. ಬೆನ್ನ ಹಿಂದೆ ತೆಂಗಿನ ತೋಟ, ಕಾಲ ಕೆಳಗೆ ಕಪ್ಪು ಬಂಡೆ, ಎದುರಿಗೆ ಕೊನೆಯೇ ಇಲ್ಲದ ಅರಬ್ಬಿ ಸಮುದ್ರ.

ಬೆಂಗಳೂರಿನ ಜಾಲಹಳ್ಳಿ ಕ್ರಾಸ್‌ನಲ್ಲಿ ತುಮಕೂರು ರಸ್ತೆ ಹಿಡಿದು, ನೆಲಮಂಗಲದಲ್ಲಿ ಎಡಕ್ಕೆ ಹೊರಳಿ, ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಬಂದಿದ್ದೆವು. ಪೀಣ್ಯದ ಲಾರಿಗಳ ಹಿಂದೆ ಆಮೆಯಂತೆ ತೆವಳಿದ್ದೆಲ್ಲ ಆ ಗಾಳಿಗೆ ಮರೆತೇಹೋಯಿತು.

"ತಾತಾ, ಕೆಳಗಿದ್ದಾಗ ಆ ದೋಣಿ ಇರ್ಲೇ ಇಲ್ಲ!" ಎಂದಳು ಮಗಳು. ದೋಣಿ ಇತ್ತು, ಭೂಮಿಯ ಉಬ್ಬು ಅದನ್ನು ಮುಚ್ಚಿತ್ತು! ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಕಣ್ಣಿರುವ ಮಗುವಿಗೆ ದಡದಲ್ಲಿ ನಿಂತರೆ ಮೂರೂವರೆ ಕಿಲೋಮೀಟರಿಗೇ ಸಮುದ್ರ ಮುಗಿಯುತ್ತದೆ. ದೊಡ್ಡವರಿಗೆ ಇನ್ನೊಂದು ಕಿಲೋಮೀಟರ್ ಹೆಚ್ಚು, ಅಷ್ಟೇ. ಅದೇ ಬಂಡೆಯೇರಿ, ಅದರ ಮೇಲಿನ 27 ಮೀಟರ್ ಗೋಪುರವನ್ನೂ ಏರಿದರೆ ಅಂಚು ಹತ್ತಿರ ಹತ್ತಿರ 20 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಶಾಲೆಯಲ್ಲಿ ಭೂಮಿ ದುಂಡಗಿದೆ ಎಂದು ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಇಲ್ಲೇ.

1901ರಲ್ಲಿ ಕಟ್ಟಿದ ಗೋಪುರ ಇದು. ಇಂಥ ಹಳೆಯ ದೀಪಗಳ ಗುಟ್ಟು ಬೆಂಕಿಯಲ್ಲಿಲ್ಲ, ಗಾಜಿನಲ್ಲಿದೆ. ದೀಪದ ಬೆಳಕು ಸುತ್ತಲೂ ಚೆಲ್ಲಿ ಪೋಲಾಗುತ್ತದೆ. ಅದನ್ನೆಲ್ಲ ಬಾಚಿ ಒಂದೇ ದಿಕ್ಕಿಗೆ ಅಟ್ಟಲು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಗಾಜನ್ನು ಬಳೆಬಳೆಯಾಗಿ ಜೋಡಿಸಿ ಮಸೂರ ಮಾಡಿದ. 1823ರಲ್ಲಿ ಕೊರ್ದುವಾನ್ ಎಂಬಲ್ಲಿ ಅದು ಮೊದಲು ಬೆಳಗಿತು. ಒಂದು ಎಣ್ಣೆ ದೀಪ ಹರದಾರಿಗಟ್ಟಲೆ ದೂರದ ಹಡಗಿಗೆ ಕಾಣುವಂತಾಯಿತೆಂದರೆ ನಂಬುತ್ತೀರಾ? ಇನ್ನೂ ಮಜಾ ಏನೆಂದರೆ, ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ತಾಳವಿದೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸಿದರೆ ಸಾಕು, ನಾವಿಕನಿಗೆ ಅದು ಯಾವ ಊರೆಂದು ತಿಳಿಯುತ್ತದೆ. ಹಗಲಲ್ಲಿ ಗುರುತು ಹಿಡಿಯಲು ಮೈಮೇಲಿನ ಬಣ್ಣ.

ಜಿಪಿಎಸ್ ಬಂದ ಮೇಲೆ ಇವೆಲ್ಲ ಪಿಂಚಣಿದಾರರು ಎಂದುಕೊಂಡಿದ್ದೆ. ನಮ್ಮ ಮನೆಯ ಪಿಂಚಣಿದಾರರೇ ಅದಕ್ಕೆ ಉತ್ತರ ಕೊಟ್ಟರು. ಅಪ್ಪ ಜಾಲಹಳ್ಳಿಯ ಬಿಇಎಲ್‌ನಲ್ಲಿ, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ, ದುಡಿದು ನಿವೃತ್ತರಾದವರು. "ಲೈಟ್‌ಹೌಸ್ ಮೇಲೆ ಬರೀ ಲೈಟ್ ಇರುತ್ತೆ ಅಂದ್ಕೊಂಡ್ಯಾ?" ಎಂದು ಶುರುಮಾಡಿದರು ನೋಡಿ, ನನಗೆ ಮೈ ಜುಮ್ಮೆಂದಿತು.

2008ರ ನವೆಂಬರ್ 26ರಂದು ಮುಂಬಯಿಗೆ ದಾಳಿಕೋರರು ಬಂದದ್ದು ಸಮುದ್ರದಿಂದ, ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ. ಆಮೇಲೆ ದೇಶದ ಕರಾವಳಿಗೆ ಕಾವಲು ಕಣ್ಣುಗಳ ಸರಪಳಿ ಹಾಕಲು ಸರ್ಕಾರ ಹೊರಟಿತು. ರೇಡಾರ್ ಆಗಲಿ, ದೂರದ ಕ್ಯಾಮೆರಾ ಆಗಲಿ, ಅದಕ್ಕೆ ಬೇಕಾದದ್ದು ಎತ್ತರ, ಮುಂದೆ ತೆರೆದ ನೀರು. ನೂರಾರು ವರ್ಷಗಳಿಂದ ಅಂಥ ಜಾಗಗಳನ್ನೇ ಹುಡುಕಿ ಹುಡುಕಿ ಕೂತದ್ದು ಯಾರು? ದೀಪಸ್ತಂಭಗಳು! ಮೊದಲ ಹಂತದಲ್ಲಿ 46 ಠಾಣೆಗಳು: ಮುಖ್ಯ ಭೂಮಿಯಲ್ಲಿ 36, ಲಕ್ಷದ್ವೀಪದಲ್ಲಿ 6, ಅಂಡಮಾನ್–ನಿಕೋಬಾರ್‌ನಲ್ಲಿ 4. ಹೆಚ್ಚಿನವು ದೀಪಸ್ತಂಭಗಳ ಮೇಲೆಯೇ ಏರಿದವು. ಆ ಸರಪಳಿಯನ್ನು ಕಟ್ಟಿಕೊಟ್ಟದ್ದು ಬಿಇಎಲ್. ಹೌದು, 1954ರಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಶುರುವಾದ ಅದೇ ಬಿಇಎಲ್! ಸಮುದ್ರದಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಸಂಜೆಯಾದರೆ ಸರ್ಕಲ್ಲಿನ ಟ್ರಾಫಿಕ್ಕಿಗೆ ಶಾಪ ಹಾಕುವ ಊರು ಕರಾವಳಿಗೆ ಕಾವಲು ಕಣ್ಣು ಕೊಟ್ಟಿದೆ. ಇಷ್ಟು ವರ್ಷ ಅಪ್ಪ ಇದನ್ನು ಊಟದ ಹೊತ್ತಿನಲ್ಲೂ ಹೇಳಿರಲಿಲ್ಲ, ಅದೇ ನನಗೆ ದೊಡ್ಡ ಅಚ್ಚರಿ.

ಬರುವ ದಾರಿಯಲ್ಲಿ ಸುರತ್ಕಲ್ಲಿನ ದೀಪಸ್ತಂಭವನ್ನೂ, ಮಂಗಳೂರಿನ ಬಾವುಟಗುಡ್ಡೆಯನ್ನೂ ನೋಡಿದ್ದೆವು. ಗುಡ್ಡೆಯ ಹಳೇ ಗೋಪುರ ಈಗ ಹಡಗಿಗೆ ದಾರಿ ತೋರುವುದಿಲ್ಲ. 1837ರಲ್ಲಿ ಅಮರ ಸುಳ್ಯದ ರೈತರು ಬ್ರಿಟಿಷರ ಧ್ವಜ ಇಳಿಸಿ ತಮ್ಮದನ್ನು ಏರಿಸಿದ ಜಾಗ ಅದು, ಸುಮ್ಮನೆ ನಿಂತರೂ ರೋಮಾಂಚನ. ಕಾರವಾರದ ದೇವಗಡ ದ್ವೀಪದಲ್ಲಿ 1864ರಲ್ಲಿ ಬೆಳಗಿದ ದೀಪವೊಂದಿದೆ. ಅದಕ್ಕೆ ದೋಣಿಯಲ್ಲೇ ಹೋಗಬೇಕು. ಮಗಳು ಈಗಲೇ ಹಟ ಹಿಡಿದಿದ್ದಾಳೆ.

ನೀವೂ ಹೊರಡುವುದಾದರೆ ಒಂದು ಮಾತು. ಕಾಪುವಿನ ಗೋಪುರದ ಬಾಗಿಲು ತೆರೆಯುವುದು ಸಂಜೆ ಹೊತ್ತಿಗೆ, ಅದೂ ಕೆಲವೇ ತಾಸು. ಬೆಳಿಗ್ಗೆ ಬೇಗ ಜಾಲಹಳ್ಳಿ ಬಿಡಿ, ಮಳೆಗಾಲದಲ್ಲಿ ಬಂಡೆಯ ಸುತ್ತಲ ನೀರಿಗೆ ಇಳಿಯಲೇಬೇಡಿ, ಬಿಇಎಲ್‌ನಲ್ಲಿದ್ದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ.