ಹಳೆಯ ಟರ್ಬೊ ಕಾರು: ತಪ್ಪು ಕಲ್ಪನೆ ಮತ್ತು ಸತ್ಯ

ಒಂದೇ ದಂಡದ ಎರಡು ತುದಿಗೆ ಕೂರಿಸಿದ ಎರಡು ಚಕ್ರಗಳು: ಟರ್ಬೊಚಾರ್ಜರ್‌ನ ತಿರುಳು ಇಷ್ಟೇ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಪಡೆದರು. 1970ರ ದಶಕದಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಮತ್ತು ಪೋರ್ಷೆ 911 ಟರ್ಬೊ ಇದನ್ನು ವೇಗದ ಕಾರುಗಳ ಗುರುತಾಗಿಸಿದವು. ಭಾರತದ ಕಾರುಪ್ರಿಯರಿಗೆ ಪೆಟ್ರೋಲ್ ಟರ್ಬೊದ ರುಚಿ ಹತ್ತಿಸಿದ್ದು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್; 1.8 ಲೀಟರ್ ಎಂಜಿನ್, 150 ಅಶ್ವಶಕ್ತಿ. ಇಪ್ಪತ್ತು ವರ್ಷ ದಾಟಿದ ಇಂಥ ಕಾರುಗಳ ಬಗ್ಗೆ ಗ್ಯಾರೇಜುಗಳಲ್ಲಿ ಕೇಳಿಬರುವ ಎಷ್ಟೋ ಮಾತುಗಳು ಅರ್ಧಸತ್ಯ. ಅವನ್ನು ನಂಬಿದರೆ ಕಾರಿಗೂ ಕೇಡು, ಜೇಬಿಗೂ ಕೇಡು.

ತಪ್ಪು ಕಲ್ಪನೆ 1: ಟರ್ಬೊ ತೀರಾ ನಾಜೂಕು, ಬೇಗ ಕೈಕೊಡುತ್ತದೆ.

ಸತ್ಯ: ಹೊಸೂರು ರಸ್ತೆಯಲ್ಲಿ ಅತ್ತಿಬೆಲೆ ದಾಟುವ ಲಾರಿಗಳು ಲಕ್ಷಾಂತರ ಕಿಲೋಮೀಟರ್ ಓಡುವುದು ಟರ್ಬೊ ಎಂಜಿನ್ನಿನಲ್ಲೇ. ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿರುವ ಟೊಯೋಟಾ ಇಂಡಸ್ಟ್ರೀಸ್ ಎಂಜಿನ್ ಇಂಡಿಯಾ ಕಾರ್ಖಾನೆ 2016ರಿಂದ ತಯಾರಿಸುತ್ತಿರುವ ಜಿಡಿ ಸರಣಿಯ ಡೀಸೆಲ್ ಎಂಜಿನ್ನುಗಳೂ ಟರ್ಬೊ ಇರುವಂಥವೇ. ಟರ್ಬೊದ ದಂಡ ನಿಮಿಷಕ್ಕೆ 1,50,000ಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅಷ್ಟು ವೇಗದಲ್ಲಿ ಅದನ್ನು ಬೇರಿಂಗಿಗೆ ತಾಗದಂತೆ ಕಾಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಎಣ್ಣೆ ಹಳತಾದರೆ, ಕೊಳೆಯಾದರೆ, ಸಾಲದೆ ಹೋದರೆ ಆ ಪದರ ಒಡೆಯುತ್ತದೆ. ಹೆಚ್ಚಿನ ಟರ್ಬೊಗಳು ಸಾಯುವುದು ವಯಸ್ಸಿನಿಂದಲ್ಲ, ಎಣ್ಣೆಯ ತೊಂದರೆಯಿಂದ. ಕಾರಿನ ಕೈಪಿಡಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲ್ಲನ್ನು ಅವಧಿಗೆ ಮುಂಚೆಯೇ ಬದಲಿಸುವುದು ಅತಿ ಅಗ್ಗದ ವಿಮೆ.

ತಪ್ಪು ಕಲ್ಪನೆ 2: ಪ್ರತಿ ಸಲವೂ ಐದು ನಿಮಿಷ ಎಂಜಿನ್ ಆನ್‌ನಲ್ಲಿಟ್ಟೇ ಆಫ್ ಮಾಡಬೇಕು.

ಸತ್ಯ: ಈ ಮಾತಿಗೆ ಕಾರಣವಿದೆ, ಆದರೆ ಅದು ಎಲ್ಲ ಹೊತ್ತಿಗೂ ಹೊಂದುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆಯ ತಾಪ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಜೋರಾಗಿ ಓಡಿಸಿದ ಕೂಡಲೇ ಎಂಜಿನ್ ನಿಲ್ಲಿಸಿದರೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಬೇರಿಂಗಿನಲ್ಲಿ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಗಟ್ಟಿಕಟ್ಟುತ್ತದೆ. ಹಾಗಾಗಿ 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಎತ್ತರಿಸಿದ ರಸ್ತೆಯಲ್ಲಿ ವೇಗವಾಗಿ ಬಂದು, ಇಳಿದ ಕೂಡಲೇ ಪಾರ್ಕ್ ಮಾಡುವ ಕಾರಿಗೆ ಒಂದೆರಡು ನಿಮಿಷದ ವಿರಾಮ ಬೇಕು. ಬೊಮ್ಮಸಂದ್ರ, ಚಂದಾಪುರಗಳ ದಟ್ಟಣೆಯಲ್ಲಿ ನಿಧಾನವಾಗಿ ತೆವಳಿ ಆನೇಕಲ್ ಸೇರುವ ಕಾರು ದಾರಿಯಲ್ಲೇ ತಣಿದಿರುತ್ತದೆ. ಬೆಳಗಿನ ಎಚ್ಚರ ಇದಕ್ಕಿಂತ ಮುಖ್ಯ. ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದರೂ ಎಣ್ಣೆ ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ಅದು ಬಿಸಿಯಾಗುವವರೆಗೆ ಹಗುರವಾಗಿ ಓಡಿಸಬೇಕು.

ತಪ್ಪು ಕಲ್ಪನೆ 3: ನೀಲಿ ಹೊಗೆ ಬಂದರೆ ಟರ್ಬೊ ಹೋಯಿತು ಎಂದೇ ಅರ್ಥ.

ಸತ್ಯ: ನೀಲಿ ಹೊಗೆ ಎಣ್ಣೆ ಸುಡುತ್ತಿದೆ ಎಂದಷ್ಟೇ ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ವಾಲ್ವ್ ಸೀಲ್ ಗಟ್ಟಿಯಾಗಿರಬಹುದು, ಪಿಸ್ಟನ್ ರಿಂಗ್ ಸವೆದಿರಬಹುದು, ಎಂಜಿನ್ನಿನ ಉಸಿರುಕೊಳವೆ ಕಟ್ಟಿರಬಹುದು. ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಪೈಪ್ ಕಟ್ಟಿದರೂ ಒಳ್ಳೆಯ ಟರ್ಬೊ ಎಣ್ಣೆ ಕಾರುತ್ತದೆ. ಗಾಳಿಯ ಕೊಳವೆ ಬಿಚ್ಚಿ, ದಂಡವನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದು, ಪಕ್ಕಕ್ಕೂ ಅಲುಗಿಸಿ ನೋಡಿದರೆ ಸುಳಿವು ಸಿಗುತ್ತದೆ. ಪಕ್ಕಕ್ಕೆ ತುಸು ಅಲುಗುವುದು ಸಹಜ. ಉದ್ದಕ್ಕೆ ಅಲುಗಿದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿದ್ದರೆ ಸವೆದಿದೆ ಎಂದರ್ಥ. ಮೂಲ ಕಾರಣ ಹುಡುಕದೆ, ಎಣ್ಣೆಯ ಪೈಪ್ ಬದಲಿಸದೆ ಹೊಸ ಟರ್ಬೊ ಕೂರಿಸಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ತಪ್ಪು ಕಲ್ಪನೆ 4: ಪಿಕಪ್ ಇಲ್ಲದಿದ್ದರೆ ಟರ್ಬೊ ಬದಲಿಸಬೇಕು.

ಸತ್ಯ: ಹಳೆಯ ಕಾರಿನಲ್ಲಿ ಮೊದಲು ಸೋಲುವುದು ರಬ್ಬರು. ಬಿರಿದ ಹೋಸ್, ಸಡಿಲಗೊಂಡ ಕ್ಲ್ಯಾಂಪ್, ತೂತುಬಿದ್ದ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ), ಹರಿದ ಡೈವರ್ಟರ್ ವಾಲ್ವ್ (ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಭಾಗ): ಇವುಗಳಲ್ಲಿ ಯಾವುದಾದರೂ ಒತ್ತಿದ ಗಾಳಿಯನ್ನು ಸೋರಿಸುತ್ತದೆ. ಕೊಳವೆಗಳಿಗೆ ಕಡಿಮೆ ಒತ್ತಡದ ಹೊಗೆ ತುಂಬಿದರೆ ಸೋರುವ ಜಾಗ ಕಣ್ಣಿಗೇ ಕಾಣುತ್ತದೆ. ಕಾರು ಬುಸುಗುಟ್ಟಲಿ ಎಂದು ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿಸಿದರೆ ಶಕ್ತಿ ಹೆಚ್ಚುವುದಿಲ್ಲ. ಸೆನ್ಸರ್ ಅಳೆದ ಗಾಳಿ ಹೊರಹೋಗುವುದರಿಂದ ಪೆಟ್ರೋಲ್ ಹೆಚ್ಚಾಗಿ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುವ ಅಪಾಯವಿದೆ.

ತಪ್ಪು ಕಲ್ಪನೆ 5: ಬಿಡಿಭಾಗ ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ ಕೂರಿಸಬಹುದು.

ಸತ್ಯ: ಬೊಮ್ಮಸಂದ್ರ, ಜಿಗಣಿಯ ಕೈಗಾರಿಕಾ ಪ್ರದೇಶಗಳಲ್ಲಿ ಲೋಹದ ಕೆಲಸದ ಕುಶಲತೆಗೆ ಬರವಿಲ್ಲ. ಬ್ರಾಕೆಟ್, ಬುಷ್, ಫ್ಲೇಂಜ್‌ಗಳನ್ನು ಅಲ್ಲಿ ಧಾರಾಳವಾಗಿ ಮಾಡಿಸಬಹುದು. ಆದರೆ ಟರ್ಬೊದ ತಿರುಗುವ ಭಾಗಕ್ಕೆ ಅಳತೆ ಸರಿಯಿದ್ದರೆ ಸಾಲದು, ತೂಕವೂ ಸಮನಾಗಿರಬೇಕು. ಅತಿವೇಗದಲ್ಲಿ ತಿರುಗಿಸಿ ಪರೀಕ್ಷಿಸುವ ಬ್ಯಾಲೆನ್ಸಿಂಗ್ ಯಂತ್ರವಿರುವ ಕಡೆಯೇ ಅದನ್ನು ದುರಸ್ತಿ ಮಾಡಿಸಬೇಕು, ಇಲ್ಲವೇ ಬ್ಯಾಲೆನ್ಸ್ ಮಾಡಿದ ನಡುಭಾಗವನ್ನು ಇಡಿಯಾಗಿ ಬದಲಿಸಬೇಕು.

ತಪ್ಪು ಕಲ್ಪನೆ 6: ಇ20 ಪೆಟ್ರೋಲ್ ಟರ್ಬೊವನ್ನು ಸುಡುತ್ತದೆ.

ಸತ್ಯ: ಇ20 ಎಂದರೆ 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಆಕ್ಟೇನ್ ಹೆಚ್ಚಿಸುತ್ತದೆ, ಆವಿಯಾಗುವಾಗ ಒಳಗಾಳಿಯನ್ನು ತಂಪಾಗಿಸುತ್ತದೆ, ಟರ್ಬೊಗೆ ಇದರಿಂದ ಕೇಡಿಲ್ಲ. ತೊಂದರೆ ಇರುವುದು ಹಳೆಯ ಇಂಧನದ ಹೋಸ್ ಮತ್ತು ಸೀಲ್‌ಗಳಿಗೆ. ಅವನ್ನು ಇಷ್ಟು ಎಥನಾಲ್ ತಡೆಯುವಂತೆ ಮಾಡಿರಲಿಲ್ಲ. ಎಥನಾಲ್ ನೀರನ್ನೂ ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯಬಹುದು. ಹೋಸ್ ಬದಲಿಸಿ, ಕಾರನ್ನು ಆಗಾಗ ಓಡಿಸುತ್ತಿರುವುದೇ ಪರಿಹಾರ.

ತಪ್ಪು ಕಲ್ಪನೆ 7: 15 ವರ್ಷ ತುಂಬಿದ ಕಾರು ಗುಜರಿಗೇ.

ಸತ್ಯ: ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ಹೇರಿದ ಆದೇಶ ದೆಹಲಿ ಸುತ್ತಿನ ಪ್ರದೇಶದ್ದು, ಕರ್ನಾಟಕದ್ದಲ್ಲ. ಇಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ತೇರ್ಗಡೆಯಾಗಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ನೀಲಿ ಹೊಗೆ ಬಿಡದ, ಎಣ್ಣೆ ಸೋರದ, ಬ್ರೇಕ್ ಗಟ್ಟಿಯಿರುವ ಹಳೆಯ ಟರ್ಬೊ ಕಾರಿಗೆ ಆ ತಪಾಸಣೆಯ ಭಯವಿಲ್ಲ.