ಉಣ್ಣುವ ಅನ್ನ, ಏರುವ ತಾಪ

ನಾಟಿಯಾಗಿ ತಿಂಗಳು ಕಳೆದ ಗದ್ದೆಗಿಳಿದು ಕೆಸರಿಗೆ ಒಂದು ಕೋಲು ಚುಚ್ಚಿ ನೋಡಿ. ಬುಳುಬುಳು ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳಲ್ಲಿ ಮೀಥೇನ್ ಇರುತ್ತದೆ. ಬ್ಯಾಟರಿಯನ್ನು ರೂಪಿಸಿ ಹೆಸರಾದ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಇಟಲಿಯ ಮಜ್ಜೋರೆ ಸರೋವರದಂಚಿನ ಕೆಸರನ್ನು ಹೀಗೆಯೇ ಕೆದಕಿ, ಗುಳ್ಳೆಗಳನ್ನು ಹಿಡಿದಿಟ್ಟು, ಅದು ಉರಿಯುವ ಅನಿಲವೆಂದು ತೋರಿಸಿದ್ದ. ಅದೇ ಅನಿಲ ಇಂದು ಹವಾಮಾನ ವಿಜ್ಞಾನಿಗಳ ತಲೆನೋವು. ವಾತಾವರಣದಲ್ಲಿ ಅದರ ಆಯುಸ್ಸು ಸುಮಾರು 12 ವರ್ಷ ಮಾತ್ರ. ಆದರೆ ನೂರು ವರ್ಷದ ಲೆಕ್ಕದಲ್ಲಿ ನೋಡಿದರೂ ಒಂದು ಟನ್ ಮೀಥೇನ್ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಹವಾಮಾನ ಬದಲಾವಣೆ ಎಂದೊಡನೆ ನಮಗೆ ನೆನಪಾಗುವುದು ಕಾರ್ಖಾನೆಯ ಚಿಮಣಿ, ವಾಹನದ ಹೊಗೆ. ಆದರೆ ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಆಹಾರದ ಬಾಬ್ತಿನದು. ಕಾಡು ಕಡಿದು ಹೊಲ ಮಾಡುವುದರಿಂದ ಹಿಡಿದು ಗೊಬ್ಬರ, ಸಾಗಣೆ, ಶೀತಲೀಕರಣ, ಕೊನೆಗೆ ಕಸದ ಗುಂಡಿಯವರೆಗಿನ ಎಲ್ಲವೂ ಇದರಲ್ಲಿ ಸೇರಿದೆ. ಕನ್ನಡಿಗರ ತಟ್ಟೆಯ ಮಟ್ಟಿಗೆ ಮೊದಲು ವಿಚಾರಿಸಬೇಕಾದದ್ದು ಅನ್ನವನ್ನು.

ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಆಡುವುದಿಲ್ಲ. ಆಮ್ಲಜನಕ ಮುಗಿದ ಕೆಸರಿನಲ್ಲಿ, ಅದಿಲ್ಲದೆಯೇ ಬದುಕುವ ಸೂಕ್ಷ್ಮಜೀವಿಗಳು ಚಿಗಿತುಕೊಳ್ಳುತ್ತವೆ. ಕೊಳೆತ ಕೂಳೆ, ಹಸಿರೆಲೆ, ಬೇರಿನ ಚೂರುಗಳೇ ಅವಕ್ಕೆ ಮೇವು. ಮೀಥೇನ್ ಅವುಗಳ ಉಸಿರು. ಕೋಲು ಚುಚ್ಚಿದಾಗ ಕಾಣುವ ಗುಳ್ಳೆ ಇದರ ಸಣ್ಣ ಪಾಲಷ್ಟೆ. ನೀರಲ್ಲಿ ನಿಂತ ಬೇರಿಗೆ ಗಾಳಿ ಇಳಿಸಲೆಂದು ಭತ್ತದ ಕಾಂಡದೊಳಗೆ ಟೊಳ್ಳು ನಾಳಗಳಿವೆ. ಬಹುಪಾಲು ಮೀಥೇನ್ ಅದೇ ದಾರಿಯಲ್ಲಿ ಮೇಲೇರಿ, ಸದ್ದಿಲ್ಲದೆ ಗಾಳಿಗೆ ಸೇರುತ್ತದೆ.

ಹಾಗೆಂದು ಎಲ್ಲ ಗದ್ದೆಯೂ ಒಂದೇ ಅಲ್ಲ. ಇದು ರುಜುವಾತಾದದ್ದು ಒಂದು ಜಗಳದಿಂದ. 1990ರ ಆಸುಪಾಸಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಭಾರತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದಿತು. ಪಶ್ಚಿಮದ ಕೆಲವು ಗದ್ದೆಗಳ ಅಳತೆಯನ್ನೇ ನಮ್ಮ ನೆಲಕ್ಕೂ ಹಿಗ್ಗಿಸಿ ತೆಗೆದ ಲೆಕ್ಕವದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ ವಿಜ್ಞಾನಿಗಳು 1991ರಲ್ಲಿ ದೇಶದ ನಾನಾ ಕಡೆ ಗದ್ದೆಗಿಳಿದು ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಹತ್ತನೇ ಒಂದು ಭಾಗ! ನಮ್ಮಲ್ಲಿ ಮಳೆ ನೆಚ್ಚಿದ, ನಡುನಡುವೆ ಒಣಗುವ ಗದ್ದೆಗಳು ಬಹಳ. ಅದೇ ವರ್ಷ ಪರಿಸರ ಚಿಂತಕರಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಹೊಟ್ಟೆಪಾಡಿನ ಅನಿಲವನ್ನೂ ಭೋಗದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ವಾದಿಸಿದರು. ಆ ಮಾತು ಈಗಲೂ ಸವೆದಿಲ್ಲ.

ಗದ್ದೆ ನಡುನಡುವೆ ಒಣಗಿದರೆ ಮೀಥೇನ್ ಇಳಿಯುತ್ತದೆ ಎಂಬುದನ್ನೇ ಈಗ ಬೇಸಾಯದ ಕ್ರಮವಾಗಿಸಿದ್ದಾರೆ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಈ ಪದ್ಧತಿಗೆ ಬೇಕಾದ ಸಲಕರಣೆ, ಸುತ್ತಲೂ ತೂತು ಕೊರೆದ ಒಂದಡಿ ಉದ್ದದ ಪಿವಿಸಿ ಪೈಪು ಮಾತ್ರ. ಅದನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆದು, ಬಗ್ಗಿ ನೋಡಬೇಕು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸಿದರಾಯಿತು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಬೇಕು. ಇಷ್ಟರಿಂದಲೇ ಮೀಥೇನ್ ಮೂರನೇ ಒಂದರಿಂದ ಅರ್ಧದಷ್ಟು ತಗ್ಗಬಲ್ಲದು. ಯೂರಿಯಾ ಹೆಚ್ಚಾದಾಗ ಏಳುವ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಹಸಿರುಮನೆ ಅನಿಲ ಒಣಮಣ್ಣಿನಲ್ಲಿ ತುಸು ಏರುವುದುಂಟು. ಗೊಬ್ಬರ ಹಿತಮಿತವಾಗಿದ್ದರೆ ಒಟ್ಟು ಲೆಕ್ಕದಲ್ಲಿ ಲಾಭವೇ. ಅಡ್ಡಿ ಬೇರೆಡೆ ಇದೆ. ನಾಲೆಯಲ್ಲಿ ಮುಂದಿನ ಸಲ ನೀರು ಬರುವುದು ಖಾತ್ರಿಯಿಲ್ಲದಿದ್ದರೆ ಯಾವ ರೈತನೂ ಗದ್ದೆ ಒಣಗಲು ಬಿಡುವುದಿಲ್ಲ. ಕೆರೆ ತೂಬು ಎತ್ತಿ ಇಳಿಸಿ ಸರದಿಯಂತೆ ನೀರು ಹಂಚುತ್ತಿದ್ದ ನೀರಗಂಟಿಯ ಶಿಸ್ತು ಇಲ್ಲಿ ಬೇಕಾಗುತ್ತದೆ.

ಇನ್ನು ರಾಗಿ. ಅದಕ್ಕೆ ನಿಂತ ನೀರು ಬೇಡ, ಹಾಗಾಗಿ ಗದ್ದೆಯ ಮೀಥೇನ್ ಪ್ರಶ್ನೆಯೇ ಏಳದು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ಮುನ್ನ ಮಂಡ್ಯದ ಬಹುಪಾಲು ಒಣಭೂಮಿ ರಾಗಿಯದಾಗಿತ್ತು. 1950ರ ದಶಕದಲ್ಲಿ ತುಂಗಭದ್ರೆ ಬರುವ ಮುನ್ನ ಗಂಗಾವತಿ, ಸಿಂಧನೂರಿನ ಎರೆನೆಲ ಜೋಳದ್ದು. ಈ ಸೀಮೆಗಳಲ್ಲಿ ಅನ್ನ ಹಬ್ಬದೂಟದಿಂದ ದಿನದೂಟವಾದದ್ದು ಆಮೇಲೆ. ಅದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಕುಳಿತು ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಭಾರತದಲ್ಲಿ ಅಕ್ಕಿಯ ಒಂದಷ್ಟು ಜಾಗವನ್ನು ರಾಗಿ, ಜೋಳ, ಸಜ್ಜೆಗಳಿಗೆ ಬಿಟ್ಟರೆ ಏನಾಗುತ್ತದೆಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಒಟ್ಟು ಕ್ಯಾಲೊರಿ ಕಡಿಮೆಯಾಗದೆ, ಸಾಗುವಳಿ ನೆಲ ಹೆಚ್ಚದೆ, ಈ ಧಾನ್ಯಗಳ ಹಸಿರುಮನೆ ಅನಿಲ ಶೇ 2ರಿಂದ 13ರಷ್ಟು ತಗ್ಗುತ್ತದೆ. ಊಟದಲ್ಲಿ ಕಬ್ಬಿಣದಂಶ ಹೆಚ್ಚುತ್ತದೆ.

ತಟ್ಟೆಯ ಇನ್ನೊಂದು ಮೂಲೆಯಲ್ಲಿ ಹಾಲು, ಮೊಸರು, ತುಪ್ಪ. ಮೆಲುಕು ಹಾಕುವ ದನಗಳ ಹೊಟ್ಟೆಯ ಮೊದಲ ಕೋಣೆಯಲ್ಲೂ ಗದ್ದೆಯ ಕೆಸರಿನ ಕಥೆಯೇ. ಅಲ್ಲಿಯೂ ಆಮ್ಲಜನಕವಿಲ್ಲ, ಹುಲ್ಲು ಹುದುಗುತ್ತದೆ, ಮೀಥೇನ್ ಹೆಚ್ಚಾಗಿ ತೇಗಿನಲ್ಲಿ ಹೊರಬೀಳುತ್ತದೆ. 2019ರ ಗಣತಿಯಂತೆ ದೇಶದಲ್ಲಿ 19 ಕೋಟಿಗೂ ಹೆಚ್ಚು ದನ, ಸುಮಾರು 11 ಕೋಟಿ ಎಮ್ಮೆಗಳಿವೆ. ಜಾಗತಿಕ ಸರಾಸರಿಯಲ್ಲಿ ಒಂದು ಲೀಟರ್ ಹಾಲಿನ ಹಿಂದೆ ಸುಮಾರು 3 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಅನಿಲವಿದೆ. ಒಂದು ಕಿಲೋ ಅಕ್ಕಿಗೆ 4, ಕಾಳುಗಳಿಗೆ 1ರಿಂದ 2ರ ಆಸುಪಾಸು. ಮಾಂಸಕ್ಕೆಂದೇ ಸಾಕಿದ ದನದ ಮಾಂಸಕ್ಕೆ 60 ಕಿಲೋ ಮೀರುತ್ತದೆ. ಸಸ್ಯಾಹಾರಿಗಳು ಇದನ್ನೋದಿ ಬೀಗುವಂತಿಲ್ಲ. ಒಂದು ಕಿಲೋ ಪನೀರಿಗೆ ಐದಾರು ಲೀಟರ್ ಹಾಲು ಬೇಕು. ಪನೀರ್ ಮಸಾಲೆಗಿಂತ ಹುರುಳಿ ಬಸ್ಸಾರು, ಅವರೆಕಾಳು ಸಾರು ಭೂಮಿಗೆ ಹಗುರ.

ದೂರದಿಂದ ಬಂದದ್ದೆಲ್ಲ ಕೆಟ್ಟದ್ದು ಎಂಬ ನಂಬಿಕೆಯೂ ಅಷ್ಟು ನಿಜವಲ್ಲ. ಆಹಾರದ ಒಟ್ಟು ಅನಿಲದಲ್ಲಿ ಸಾಗಣೆಯ ಪಾಲು ಶೇ 6ರ ಸುಮಾರು. ವಿಮಾನದಲ್ಲಿ ಬರುವ ಹಣ್ಣು ಇದಕ್ಕೆ ಅಪವಾದ. ಸಾಗಣೆಗಿಂತ ದೊಡ್ಡ ಬಾಬ್ತು, ಉಂಡು ಬಿಟ್ಟದ್ದು. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60 ಮನೆಗಳಿಂದಲೇ ಬಂದದ್ದು. ಛತ್ರದ ಬಾಳೆಲೆಯಲ್ಲಿ ಬಿಟ್ಟ ಅನ್ನ ಗದ್ದೆಯಲ್ಲೊಮ್ಮೆ ಮೀಥೇನ್ ಬಿಟ್ಟಾಗಿದೆ. ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮತ್ತೊಮ್ಮೆ ಬಿಡುತ್ತದೆ.

ವಾರಕ್ಕೆ ನಾಲ್ಕು ಹೊತ್ತು ಅನ್ನದ ಬದಲು ಮುದ್ದೆಯನ್ನೋ ರೊಟ್ಟಿಯನ್ನೋ ಉಣ್ಣುವುದು, ಉಣ್ಣುವವರ ಲೆಕ್ಕ ನೋಡಿ ಅಕ್ಕಿ ತೊಳೆಯುವುದು ಮನೆಯಲ್ಲೇ ಆಗುವ ಕೆಲಸ. ಆದರೆ ರೇಷನ್ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಬೇಯಿಸುವ ಮನೆಗಳಿಗೆ ಆಯ್ಕೆ ಎಲ್ಲಿದೆ? 2024-25ರಲ್ಲಿ ಕ್ವಿಂಟಲ್ ಭತ್ತಕ್ಕೆ ಬೆಂಬಲ ಬೆಲೆ 2,300 ರೂಪಾಯಿ, ರಾಗಿಗೆ 4,290 ಇತ್ತು. ಕಾಗದದಲ್ಲಿ ರಾಗಿಯೇ ಮೇಲು. ಎಕರೆ ಇಳುವರಿ ಭತ್ತಕ್ಕಿಂತ ಕಡಿಮೆಯಿರುವ ರಾಗಿಯನ್ನು ರೈತ ನೆಚ್ಚಬೇಕಾದರೆ ಆ ಬೆಲೆಗೆ ಕೊಳ್ಳುವ ಕೇಂದ್ರ ಸಕಾಲಕ್ಕೆ ತೆರೆಯಬೇಕು, ಕೊಂಡ ರಾಗಿ, ಜೋಳ ಪಡಿತರ ಚೀಲಕ್ಕೆ ತಪ್ಪದೆ ಬರಬೇಕು, ನಾಲೆಯ ನೀರು ಸರದಿ ಮೀರದೆ ಹರಿಯಬೇಕು. ಇವನ್ನು ಸರ್ಕಾರದಿಂದ ಕೇಳದೆ, ಏನು ತಿನ್ನಬೇಕೆಂದಷ್ಟೇ ಉಪದೇಶಿಸಿದರೆ ಭೂಮಿಯ ತಾಪದ ಹೊಣೆಯೆಲ್ಲ ಅಡುಗೆ ಮಾಡುವವರ ತಲೆಗೆ ಕಟ್ಟಿದಂತಾಗುತ್ತದೆ.